ಕಂಬವೇರುವ ಮೊದಲ ಪಾಠ

ಇಂಗ್ಲೆಂಡಿನಲ್ಲಿ ಮದುವೆಗೆ ಕೆಲವು ವಾರ ಮುಂಚೆ ವಧುವೂ ಅವಳ ಗೆಳತಿಯರೂ ಸೇರಿ ಒಂದು ಸಂತೋಷಕೂಟ ನಡೆಸುವ ಪದ್ಧತಿಯುಂಟು. ಅದನ್ನು ಅವರು 'ಹೆನ್ ಪಾರ್ಟಿ' ಎನ್ನುತ್ತಾರೆ. ಗಂಡಸರಿಗೆ ಅಲ್ಲಿ ಸಾಮಾನ್ಯವಾಗಿ ಪ್ರವೇಶವಿಲ್ಲ. ನಮ್ಮಲ್ಲಿ ಬಳೆಶಾಸ್ತ್ರದ ದಿನ ಒಳಮನೆಯಲ್ಲಿ ಹೆಂಗಸರಷ್ಟೇ ಸೇರಿ ನಗುವ ನಗೆಯನ್ನು ಜಗಲಿಯಲ್ಲಿ ಕುಳಿತು ಕೇಳಿದವರಿಗೆ ಅದರ ಸ್ವರೂಪವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಈ ಶತಮಾನದಲ್ಲಿ ಆ ಕೂಟಗಳ ಕಾರ್ಯಕ್ರಮಪಟ್ಟಿಗೆ ಹೊಸದೊಂದು ಸೇರಿಕೊಂಡಿದೆ. ಉಕ್ಕಿನ ಕಂಬವನ್ನು ಹಿಡಿದು ಸುತ್ತುವ, ಏರುವ, 'ಪೋಲ್ ಡಾನ್ಸ್' ಎಂಬ ನೃತ್ಯದ ಒಂದೆರಡು ಗಂಟೆಯ ಆರಂಭಿಕ ಪಾಠ.

ಅಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಗೆಳತಿಯ ಮದುವೆಗಾಗಿ ಇಂತಹುದೊಂದು ತರಗತಿಯನ್ನು ಗೊತ್ತುಪಡಿಸುವ ಹೊಣೆ ಹೊತ್ತಿದ್ದಾಳೆ. ಸುದ್ದಿ ತಿಳಿದ ಅವಳ ತಾಯಿ ಎರಡು ದಿನ ಮಾತು ಬಿಟ್ಟರಂತೆ. "ಮೇಷ್ಟ್ರೇ, ಇದರ ಇತಿಹಾಸವನ್ನು ನೀವೇ ಬರೆಯಿರಿ, ಅಮ್ಮನಿಗೆ ಓದಿಸುತ್ತೇನೆ" ಎಂದು ಅವಳು ಕೇಳಿದ್ದಾಳೆ. ಆ ತಾಯಿಯೂ ಈ ಬರಹಗಳನ್ನು ಓದುವವರೇ. ಆದುದರಿಂದ ವಕಾಲತ್ತು ಬೇಡ. ಇದ್ದದ್ದನ್ನು ಇದ್ದ ಹಾಗೆ ಹೇಳೋಣ.

ಕಂಬದ ಸುತ್ತ ಕುಣಿಯುವುದು ಇಂಗ್ಲೆಂಡಿಗೆ ಹೊಸದಲ್ಲ. ವಸಂತಕಾಲದಲ್ಲಿ ಊರ ಬಯಲಿನಲ್ಲಿ 'ಮೇಪೋಲ್' ಎಂಬ ಎತ್ತರದ ಮರದ ಕಂಬ ನೆಟ್ಟು, ಅದರ ಸುತ್ತ ಗಂಡು ಹೆಣ್ಣು ಕುಣಿಯುವುದು ಅಲ್ಲಿನ ಹಳೆಯ ಹಬ್ಬ. 1644ರಲ್ಲಿ ಪ್ಯೂರಿಟನ್ನರ ಪ್ರಾಬಲ್ಯವಿದ್ದ ಪಾರ್ಲಿಮೆಂಟು ಇದು ಧರ್ಮಬಾಹಿರವೆಂದು ಬಗೆದು, ದೇಶದ ಮೇಪೋಲುಗಳನ್ನೆಲ್ಲ ಕೆಡವಬೇಕೆಂದು ಆಜ್ಞೆ ಹೊರಡಿಸಿತು. 1660ರಲ್ಲಿ ಎರಡನೆಯ ಚಾರ್ಲ್ಸ್ ಸಿಂಹಾಸನಕ್ಕೆ ಮರಳಿದ. ಮರುವರ್ಷವೇ ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯಲ್ಲಿ ನೂರ ಮೂವತ್ತು ಅಡಿಗೂ ಮಿಕ್ಕಿದ ಹೊಸ ಕಂಬ ಎದ್ದು ನಿಂತಿತು. ಅದಕ್ಕೆ ಬಣ್ಣದ ಪಟ್ಟಿಗಳನ್ನು ಕಟ್ಟಿ ಹೆಣೆಯುತ್ತ ಕುಣಿಯುವ ರೀತಿ ವ್ಯಾಪಕವಾದದ್ದು ಬಹಳ ತಡವಾಗಿ, 19ನೆಯ ಶತಮಾನದಲ್ಲಿ. ಅದನ್ನು ಶಾಲೆಶಾಲೆಗೆ ಒಯ್ದವರಲ್ಲಿ ಉಪಾಧ್ಯಾಯಿನಿಯರ ಪಾಲು ದೊಡ್ಡದು. ನಮ್ಮ ಶಾಲಾ ವಾರ್ಷಿಕೋತ್ಸವಗಳಲ್ಲಿ ಜಡೆ ಕೋಲಾಟ ಆಡಿದವರಿಗೆ ಆ ಹೆಣಿಗೆಯ ಲೆಕ್ಕಾಚಾರ ಬೇಗ ಅರ್ಥವಾದೀತು. ಒಬ್ಬಳು ಹೆಜ್ಜೆ ತಪ್ಪಿದರೆ ಜಡೆಯೆಲ್ಲ ಸಿಕ್ಕು!

ಆದರೆ ಇಂದಿನ ಪೋಲ್ ಡಾನ್ಸ್ ಮೇಪೋಲಿನಿಂದ ಹುಟ್ಟಿದ್ದಲ್ಲ. ಅದರ ತವರು ಉತ್ತರ ಅಮೆರಿಕದ ರಾತ್ರಿ ಕ್ಲಬ್ಬುಗಳು. ಸಂಚಾರಿ ಜಾತ್ರೆಗಳ ಡೇರೆಯೊಳಗಿನ ಕುಣಿತಗಾರ್ತಿಯರು ಡೇರೆಯ ನಡುಗಂಬವನ್ನೇ ಆಸರೆ ಮಾಡಿಕೊಂಡರೆಂಬ ಕಥೆಯನ್ನು ಅನೇಕರು ಹೇಳುತ್ತಾರೆ. ಕಥೆ ಸೊಗಸಾಗಿದೆ, ಅಷ್ಟು ಸಾಕು. 1980ರ ದಶಕದ ಹೊತ್ತಿಗೆ ಕೆನಡಾ ಮತ್ತು ಅಮೆರಿಕಾದ ಕ್ಲಬ್ಬುಗಳಲ್ಲಿ, ಹಣ ಕೊಟ್ಟು ಬಂದ ಗಂಡಸರ ಮುಂದೆ ಉಡುಪು ಕಳಚುತ್ತ ಕುಣಿಯುವ ಹೆಂಗಸರು ಈ ಕಂಬದ ಮೇಲೆ ಅಸಾಮಾನ್ಯ ಕೌಶಲವನ್ನು ಬೆಳೆಸಿಕೊಂಡಿದ್ದರು. ಆ ತಾಯಿಯ ಮುಜುಗರಕ್ಕೆ ಕಾರಣವಿಲ್ಲದಿಲ್ಲ. 1990ರ ದಶಕದಲ್ಲಿ ಕೆನಡಾದ ಫಾನಿಯಾ ಮಾಂಡೆ ಎಂಬ ನರ್ತಕಿ ಅದನ್ನು ಸಾಮಾನ್ಯ ಮಹಿಳೆಯರಿಗೆ ವ್ಯಾಯಾಮವಾಗಿ ಕಲಿಸತೊಡಗಿ, ಪಾಠದ ವಿಡಿಯೋಗಳನ್ನೂ ಹೊರತಂದರು. 2000ದಲ್ಲಿ ತೆರೆಕಂಡ ಒಂದು ಚಲನಚಿತ್ರದಲ್ಲಿ ಕ್ಲಬ್ ನರ್ತಕಿಯ ಪಾತ್ರಕ್ಕಾಗಿ ಕಂಬದ ಕುಣಿತ ಕಲಿತ ನಟಿ ಶೀಲಾ ಕೆಲ್ಲಿ, ಬಳಿಕ ಲಾಸ್ ಏಂಜಲಿಸ್‌ನಲ್ಲಿ ಹೆಂಗಸರಿಗಾಗಿ ಶಾಲೆಯನ್ನೇ ತೆರೆದರು. 2009ರಲ್ಲಿ ಅಂತರರಾಷ್ಟ್ರೀಯ ಪೋಲ್ ಕ್ರೀಡಾ ಒಕ್ಕೂಟ ಸ್ಥಾಪನೆಯಾಯಿತು. 2017ರಲ್ಲಿ ಜಾಗತಿಕ ಕ್ರೀಡಾ ಒಕ್ಕೂಟಗಳ ಸಂಘಟನೆ ಅದಕ್ಕೆ ವೀಕ್ಷಕ ಸ್ಥಾನ ಕೊಟ್ಟಿತು.

ಇಲ್ಲಿ ನಮ್ಮವರು ಹೆಮ್ಮೆಯಿಂದ ಒಂದು ಮಾತನ್ನು ನಡುವೆ ತರುವುದುಂಟು: "ಇದೆಲ್ಲ ನಮ್ಮ ಮಲ್ಲಕಂಬವೇ!" ಮಲ್ಲಕಂಬ ಪ್ರಾಚೀನವೆಂಬುದರಲ್ಲಿ ಸಂಶಯವಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲರ ಅಭ್ಯಾಸವನ್ನು ವಿವರಿಸುವಾಗ ಕಂಬದ ಸಾಧನೆಯ ಮಾತು ಬರುತ್ತದೆ. ಆ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. 19ನೆಯ ಶತಮಾನದಲ್ಲಿ ಪೇಶ್ವೆ ಎರಡನೆಯ ಬಾಜೀರಾಯನ ಆಶ್ರಯದಲ್ಲಿದ್ದ ಬಾಳಂಭಟ್ಟ ದಾದಾ ದೇವಧರರು ಅದಕ್ಕೆ ಮರುಜೀವ ಕೊಟ್ಟರು. 2019ರಲ್ಲಿ ಮುಂಬಯಿಯಲ್ಲಿ ಮೊದಲ ವಿಶ್ವ ಮಲ್ಲಕಂಬ ಸ್ಪರ್ಧೆಯೂ ನಡೆಯಿತು. ಇಷ್ಟೆಲ್ಲ ನಿಜ. ಆದರೆ ಕೆನಡಾದ ಕ್ಲಬ್ಬಿನ ನರ್ತಕಿ ಸೋಮೇಶ್ವರನ ಮಲ್ಲರಿಂದ ಕಲಿತಳೆಂಬುದಕ್ಕೆ ಎಳ್ಳಷ್ಟೂ ಆಧಾರವಿಲ್ಲ. ಹೋಲಿಕೆ ಬೇರೆ, ವಂಶಾವಳಿ ಬೇರೆ ಎಂದು ಇತಿಹಾಸದ ತರಗತಿಯಲ್ಲಿ ನಾನು ಎಷ್ಟು ಸಲ ಹೇಳಿದ್ದೆನೋ ನಿಮಗೇ ನೆನಪಿರಬಹುದು.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮಲ್ಲಕಂಬ ಮರದ್ದು, ದಪ್ಪನಾದದ್ದು, ಮೇಲೆ ಹೋದಂತೆ ಸಪೂರವಾಗುವಂಥದ್ದು. ಅದಕ್ಕೆ ಹರಳೆಣ್ಣೆ ಸವರುತ್ತಾರೆ. ಪೋಲ್ ಡಾನ್ಸಿನ ಕಂಬ ಸಾಮಾನ್ಯವಾಗಿ 45 ಮಿಲಿಮೀಟರ್ ವ್ಯಾಸದ ಲೋಹದ ಕೊಳವೆ. ಅದರ ಮೇಲೆ ಎಣ್ಣೆಯ ಲೇಶವೂ ಇರಕೂಡದು. ಆದರೂ ಎರಡರಲ್ಲಿಯೂ ಶರೀರವನ್ನು ಮೇಲೆ ಹಿಡಿದಿಡುವುದು ಬರಿಯ ಚರ್ಮ. ಬಟ್ಟೆ ಜಾರುತ್ತದೆ, ಚರ್ಮ ಕಚ್ಚಿ ಹಿಡಿಯುತ್ತದೆ. ಮಲ್ಲಕಂಬದ ಹುಡುಗ ಲಂಗೋಟಿ ಅಥವಾ ಚಡ್ಡಿಯಲ್ಲೇ ಏರುವುದು ಇದೇ ಕಾರಣಕ್ಕೆ, ಪೋಲ್ ಕಲಿಯುವ ಹುಡುಗಿ ಮೊಳಕಾಲಿನ ಮೇಲಿನ ಚಡ್ಡಿ ತೊಡುವುದೂ ಇದೇ ಕಾರಣಕ್ಕೆ. ಲಂಗೋಟಿಯನ್ನು ನೋಡಿ ನಾವಾರೂ ಮಾತು ಬಿಡಲಿಲ್ಲ.

ಇನ್ನು ತರಗತಿಯ ಏರ್ಪಾಡು. ಈ ಭಾಗವನ್ನು ನಾನು ಬಿ.ಎಡ್. ಕಣ್ಣಿನಿಂದಲೇ ನೋಡಿದೆನೆಂದು ಒಪ್ಪಬೇಕು. ಒಳ್ಳೆಯ ಆರಂಭಿಕ ಪಾಠದಲ್ಲಿ ಏರುವುದಕ್ಕಿಂತ ನಡೆಯುವುದೇ ಹೆಚ್ಚು. ಮೊದಲು ಮಣಿಕಟ್ಟು, ಭುಜ, ಬೆನ್ನು, ತೊಡೆಗಳನ್ನು ಕಾಲು ಗಂಟೆಯಷ್ಟಾದರೂ ಸಡಿಲಗೊಳಿಸುತ್ತಾರೆ. ಬಳಿಕ ಕಂಬವನ್ನು ಒಂದು ಕೈಯಲ್ಲಿ ಹಿಡಿದು, ಮೈಯನ್ನು ಹೊರಕ್ಕೆ ಬಾಗಿಸಿ, ಅದರ ಸುತ್ತ ಸುಮ್ಮನೆ ನಡೆಯುವುದು. ಭಾರವನ್ನು ನಂಬಿ ಕಂಬಕ್ಕೆ ಒಪ್ಪಿಸುವ ಅಭ್ಯಾಸವೇ ಈ ನಡಿಗೆ. ಅದು ಕೈಗೂಡಿದ ಮೇಲೆ ಪಾದವನ್ನು ನೆಲದಿಂದ ಎತ್ತಿದರೆ ಸುತ್ತು ತಾನಾಗಿ ಬರುತ್ತದೆ. ಅಗ್ನಿಶಾಮಕ ದಳದವರು ಕಂಬದಿಂದ ಜಾರಿ ಇಳಿಯುವಂತೆ ಎರಡು ಕೈ, ಎರಡು ಮೊಣಕಾಲುಗಳಿಂದ ಹಿಡಿದು ತಿರುಗುವ 'ಫೈರ್‌ಮನ್ ಸ್ಪಿನ್' ಮೊದಲ ದಿನದ ಮುಖ್ಯ ಪಾಠ. ತಲೆಕೆಳಗಾಗುವ ಭಂಗಿಗಳನ್ನು ಮೊದಲ ದಿನವೇ ಕಲಿಸುವ ಗುರುವನ್ನು ನಂಬಕೂಡದು. ಕಂಬಗಳಲ್ಲಿಯೂ ಸ್ಥಿರವಾದದ್ದು, ತಾನೇ ತಿರುಗುವಂಥದ್ದು ಎಂದು ಎರಡು ಬಗೆ; ಹೊಸಬರಿಗೆ ಸ್ಥಿರವಾದದ್ದೇ ಕ್ಷೇಮ.

ಗೊತ್ತುಮಾಡುವವಳು ಮೊದಲೇ ಕೇಳಿ ತಿಳಿಯಬೇಕಾದ ಸಂಗತಿಗಳಿವೆ. ಎಷ್ಟು ಕಂಬಗಳಿವೆ, ಒಂದಕ್ಕೆ ಎಷ್ಟು ಮಂದಿ? ಇಬ್ಬರು ಮೂವರಾದರೆ ಒಳ್ಳೆಯದು. ಒಬ್ಬಳು ತಿರುಗುವಾಗ ಉಳಿದವರು ಉಸಿರು ಬಿಡಬಹುದು, ನಗಬಹುದು, ಚಪ್ಪಾಳೆ ತಟ್ಟಬಹುದು. ಕೆಳಗೆ ಮೆತ್ತೆ ಹಾಸುತ್ತಾರೆಯೇ? ಮಣಿಕಟ್ಟು ನೋವಿರುವವರು, ಗರ್ಭಿಣಿಯರು ಗುಟ್ಟು ಮಾಡದೆ ಮುಂಚಿತವಾಗಿ ಹೇಳಬೇಕು. ಆ ದಿನ ಮೈಗೆ ಲೇಪನ ಹಚ್ಚಬಾರದು; ಉಂಗುರ, ಬಳೆಗಳನ್ನು ಕಳಚಿಡಬೇಕು, ಅವು ಕಂಬವನ್ನೂ ಗೀರುತ್ತವೆ, ಬೆರಳನ್ನೂ ಕೊಯ್ಯುತ್ತವೆ. ಮದ್ಯವಿದ್ದರೆ ಪಾಠದ ನಂತರ, ಮುಂಚೆ ಖಂಡಿತ ಅಲ್ಲ. ಗುಂಪಿನಲ್ಲಿ ನಾಚುವವಳೊಬ್ಬಳು ಇದ್ದೇ ಇರುತ್ತಾಳೆ. ಅವಳನ್ನು ಮೊದಲು ಕರೆಯಬಾರದು, ಕೊನೆಗೆ ಒಬ್ಬಳನ್ನೇ ನಿಲ್ಲಿಸಲೂಬಾರದು. ಮುಖ್ಯವಾದದ್ದೆಂದರೆ ದಿನಾಂಕ. ಲೋಹ ಒತ್ತಿದ ಕಡೆ, ವಿಶೇಷವಾಗಿ ಕಣಕಾಲಿನ ಮುಂಭಾಗದಲ್ಲಿ ಮತ್ತು ತೊಡೆಯಲ್ಲಿ, ನೀಲಿಗಟ್ಟುವುದು ಸಾಮಾನ್ಯ. ಅದು ಮಾಯಲು ಒಂದೆರಡು ವಾರ ಬೇಕು. ಮದುವೆಯ ಹಿಂದಿನ ವಾರ ಈ ಪಾಠ ಇಟ್ಟುಕೊಂಡರೆ ಫೋಟೋ ತೆಗೆಯುವವನು ಕಾರಣ ಕೇಳಿಯಾನು!

ತಾಯಿಯ ಮುಜುಗರಕ್ಕೆ ಮರಳುತ್ತೇನೆ. ಈ ವಿದ್ಯೆ ಗೌರವಸ್ಥರ ಕೈಗೆ ಬಂದ ಮೇಲೆ ಒಂದು ವಿಚಿತ್ರ ನಡೆಯಿತು. 2010ರ ದಶಕದಲ್ಲಿ, ವ್ಯಾಯಾಮಕ್ಕಾಗಿ ಕಲಿತ ಕೆಲವರು ಅಂತರ್ಜಾಲದಲ್ಲಿ ತಮ್ಮ ಚಿತ್ರಗಳ ಕೆಳಗೆ 'ನಾನು ಕ್ಲಬ್ಬಿನವಳಲ್ಲ' ಎಂಬರ್ಥದ ಒಕ್ಕಣೆ ಹಾಕತೊಡಗಿದರು. ಕ್ಲಬ್ಬಿನ ಹೆಂಗಸರು ಕೆರಳಿದರು: ನೀವು ತಿರುಗುವ ಸುತ್ತುಗಳನ್ನು ಕಟ್ಟಿದವರು ನಾವು, ಈಗ ನಮ್ಮ ಹೆಸರೇ ನಿಮಗೆ ಮೈಲಿಗೆಯೇ? ಅವರ ಪ್ರಶ್ನೆ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ಏಕೆಂದರೆ ಇದನ್ನು ನಾವು ನಮ್ಮ ನೆಲದಲ್ಲಿಯೇ ಕಂಡಿದ್ದೇವೆ. 19ನೆಯ ಶತಮಾನದ ಕೊನೆಯ ದಶಕದಲ್ಲಿ ಮದರಾಸಿನಲ್ಲಿ ನಾಚ್ ವಿರೋಧಿ ಚಳವಳಿ ಎದ್ದಿತು. 1935ರಲ್ಲಿ ರುಕ್ಮಿಣೀದೇವಿ ಅರುಂಡೇಲ್ ರಂಗವೇರಿದ ಮೇಲೆ ಅದೇ ನೃತ್ಯವನ್ನು ದೊಡ್ಡ ಮನೆತನದ ಹೆಣ್ಣುಮಕ್ಕಳು ಕಲಿಯತೊಡಗಿದರು. ತಲೆತಲಾಂತರದಿಂದ ಅದನ್ನು ಉಳಿಸಿಕೊಂಡು ಬಂದ ದೇವದಾಸಿಯರ ಹೆಸರುಗಳನ್ನು ಎಷ್ಟು ಮಂದಿ ಹೇಳಬಲ್ಲರು?

ಮೈಸೂರಿನಲ್ಲಿ ಜಟ್ಟಿ ತಾಯಮ್ಮನವರಿದ್ದರು. 1857ರಲ್ಲಿ ಹುಟ್ಟಿ 1947ರವರೆಗೆ ಬಾಳಿದ ಈ ಆಸ್ಥಾನ ನರ್ತಕಿ, ಹೆಸರೇ ಹೇಳುವಂತೆ, ಅರಮನೆಯ ಕುಸ್ತಿಪಟುಗಳಾದ ಜಟ್ಟಿಗಳ ಮನೆತನದವರು. ಗರಡಿಮನೆಯ ಹಿನ್ನೆಲೆಯ ಹೆಣ್ಣುಮಗಳೊಬ್ಬಳು ಅಭಿನಯದಲ್ಲಿ ಮೈಸೂರಿಗೆ ಒಂದು ಶೈಲಿಯನ್ನು ಕೊಟ್ಟಳು. ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮನವರು ಲಂಬಾಣಿ ತಾಂಡಾದಲ್ಲಿ 1906ರಲ್ಲಿ ಹುಟ್ಟಿದವರು. ಅವರೂ ಅರಮನೆಯಲ್ಲಿ ನರ್ತಿಸಿದರು, ಅನಂತರ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯದ ಅಧ್ಯಾಪಕರಾದರು, 1992ರಲ್ಲಿ ಪದ್ಮಭೂಷಣ ಪಡೆದರು. ಇಳಿವಯಸ್ಸಿನಲ್ಲಿಯೂ ನೆಲದ ಮೇಲೆ ಕುಳಿತೇ ಮುಖದ ಅಭಿನಯದಿಂದ ಪದಗಳಿಗೆ ಅರ್ಥ ಹೇಳಿಕೊಡುತ್ತಿದ್ದರು. ಅವರ ಬಳಿ ಕಲಿತವರು ತಮ್ಮ ಪರಂಪರೆಯನ್ನು ಹೇಳುವಾಗ ಇಂದಿಗೂ ತಾಯಮ್ಮನವರ ಹೆಸರನ್ನು 'ಜಟ್ಟಿ' ಎಂಬುದರ ಸಮೇತವಾಗಿಯೇ ಹೇಳುತ್ತಾರೆ.