ಕಂಡದ್ದೆಲ್ಲ ಕಲಿಕೆಯಲ್ಲ

ವಿಜ್ಞಾನ ಪಾಠ ಹೇಳುತ್ತಿದ್ದ ದಿನಗಳಲ್ಲಿ, ಕಪ್ಪುಹಲಗೆಯ ಮೇಲೆ ಬರೆದ ಚಿತ್ರವನ್ನು ಗುರುತಿಸಲಾರದೆ ನಿಂತ ಹುಡುಗನೊಬ್ಬನನ್ನು "ಕಣ್ಣಿಲ್ಲವೇನೋ ನಿನಗೆ?" ಎಂದು ಗದರಿಸಿದ್ದೆ. ಕಣ್ಣಿದ್ದರೆ ಕಾಣುತ್ತದೆ, ಕಂಡರೆ ಕಲಿಯುತ್ತಾನೆ ಎಂಬುದು ನನ್ನ ಅಂದಿನ ನಂಬಿಕೆ. ಅದು ಎಷ್ಟು ಅರೆಬರೆಯಾದುದೆಂಬುದನ್ನು ನಿವೃತ್ತಿಯ ನಂತರದ ಓದು ತಿಳಿಸಿಕೊಟ್ಟಿತು.

ಈ ಕಥೆ ಒಂದು ಕನಸಿನಿಂದ ಆರಂಭವಾಗುತ್ತದೆ. ನರಗಳು ಸಂದೇಶ ಕಳುಹಿಸುವುದು ವಿದ್ಯುತ್ತಿನಿಂದಲೋ ರಾಸಾಯನಿಕದಿಂದಲೋ ಎಂಬ ವಿವಾದ ನಡೆದಿದ್ದ ಕಾಲವದು. ಆಸ್ಟ್ರಿಯಾದ ಗ್ರಾಜ್ ನಗರದಲ್ಲಿದ್ದ ಆಟೋ ಲೋವಿ, ತಾವೇ ಹೇಳಿಕೊಂಡಂತೆ, ಕನಸಿನಲ್ಲಿ ಹೊಳೆದ ಪ್ರಯೋಗವೊಂದನ್ನು ಅರೆನಿದ್ರೆಯಲ್ಲಿ ಗೀಚಿಟ್ಟರು. ಬೆಳಿಗ್ಗೆ ಆ ಬರಹ ಅವರಿಗೇ ಅರ್ಥವಾಗಲಿಲ್ಲ! ಮರುರಾತ್ರಿ ಅದೇ ವಿಚಾರ ಮರಳಿ ಬಂದಾಗ ನೇರವಾಗಿ ಪ್ರಯೋಗಾಲಯಕ್ಕೇ ನಡೆದರು. ನರವನ್ನು ಪ್ರಚೋದಿಸಿ ಒಂದು ಕಪ್ಪೆಯ ಹೃದಯಬಡಿತವನ್ನು ತಗ್ಗಿಸಿ, ಆ ಹೃದಯದಲ್ಲಿದ್ದ ದ್ರವವನ್ನು ಮತ್ತೊಂದು ಹೃದಯಕ್ಕೆ ಹಾಯಿಸಿದರು. ಅದರ ಬಡಿತವೂ ತಗ್ಗಿತು. 1921ರಲ್ಲಿ ಪ್ರಕಟವಾದ ಈ ಪ್ರಯೋಗದ ಹಿಂದಿದ್ದ ವಸ್ತು ಅಸಿಟೈಲ್‌ಕೋಲಿನ್. 1936ರಲ್ಲಿ ಹೆನ್ರಿ ಡೇಲ್ ಅವರೊಡನೆ ಲೋವಿಯವರಿಗೆ ನೊಬೆಲ್ ಬಹುಮಾನ ಸಂದಿತು.

ಕಪ್ಪೆಯ ಹೃದಯದಲ್ಲಿ ದೊರೆತ ಈ ವಸ್ತುವಿಗೂ ನೋಟದ ಕಲಿಕೆಗೂ ನಂಟು ಕಂಡುಬಂದದ್ದು ದಶಕಗಳ ಅನಂತರ.

1960ರ ದಶಕದಲ್ಲಿ ಹಾರ್ವರ್ಡ್‌ನ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಎಳವೆಯಲ್ಲಿ ಮುಚ್ಚಿಟ್ಟರು. ತೆರೆದಾಗ ಕಣ್ಣೇನೋ ಆರೋಗ್ಯವಾಗಿತ್ತು. ಆದರೆ ಮೆದುಳಿನ ದೃಷ್ಟಿಭಾಗದ ಬಹುಪಾಲು ಕೋಶಗಳು ಅದಕ್ಕೆ ಓಗೊಡಲಿಲ್ಲ. ನೋಡುವುದನ್ನು ಮೆದುಳು ಅನುಭವದಿಂದಲೇ ರೂಢಿಸಿಕೊಳ್ಳಬೇಕೆಂದಾಯಿತು. 1981ರ ನೊಬೆಲ್ ಬಹುಮಾನದಲ್ಲಿ ಇಬ್ಬರಿಗೂ ಪಾಲು ದೊರೆಯಿತು.

ಅನುಭವವೊಂದೇ ಸಾಕೆ? 1976ರಲ್ಲಿ ಕಸಮಾತ್ಸು ಮತ್ತು ಪೆಟಿಗ್ರೂ, ನಾರ್‌ಅಡ್ರಿನಲಿನ್‌ನಂತಹ ರಾಸಾಯನಿಕಗಳನ್ನು ಕುಗ್ಗಿಸಿದ ಮರಿಗಳಲ್ಲಿ ಕಣ್ಣು ಮುಚ್ಚಿದರೂ ಮೆದುಳು ಎಂದಿನಂತೆ ಬದಲಾಗದೆ ಉಳಿದುದನ್ನು ಕಂಡರು. 1986ರಲ್ಲಿ ಬೇರ್ ಮತ್ತು ಸಿಂಗರ್, ಈ ಕಾರ್ಯದಲ್ಲಿ ಅಸಿಟೈಲ್‌ಕೋಲಿನ್ ಕೂಡ ಪಾಲುದಾರನೆಂದು ತೋರಿಸಿದರು. ಅದೇ ವರ್ಷ ಐಗ್ನರ್ ಮತ್ತು ಮಿಶ್ಕಿನ್ ಕೋತಿಗಳಿಗೆ ಅಸಿಟೈಲ್‌ಕೋಲಿನ್‌ನ ಕೆಲಸವನ್ನು ತಡೆಯುವ ಸ್ಕೊಪೊಲಮಿನ್ ಕೊಟ್ಟಾಗ, ಆಗತಾನೆ ನೋಡಿದ ವಸ್ತುಗಳನ್ನು ಗುರುತಿಸುವ ಶಕ್ತಿಯೇ ಕುಗ್ಗಿತು.

ಇವೆರಡೂ ಎಚ್ಚರ ಮತ್ತು ಗಮನಗಳೊಡನೆ ಬೆಸೆದುಕೊಂಡ ರಾಸಾಯನಿಕಗಳು. ಬೆಳಕು ಕಣ್ಣನ್ನು ಮುಟ್ಟಿದರೆ ಸಾಲದು. ಮೆದುಳು ಅದನ್ನು ಬರಮಾಡಿಕೊಳ್ಳುವ ಸ್ಥಿತಿಯಲ್ಲಿರಬೇಕು.

ಬೆಕ್ಕಿನ ಮರಿಯನ್ನು ಕಂಡು ಮಗುವನ್ನು ಅಳೆಯಲಾಗದು, ನಿಜ. ಆದರೂ ಆ ಹುಡುಗ ಹಿಂದಿನ ರಾತ್ರಿ ಉಂಡಿದ್ದನೇ, ಕಣ್ತುಂಬ ನಿದ್ರಿಸಿದ್ದನೇ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಕಣ್ಣಿದ್ದೂ ಕಾಣದೆ ಹೋದವನು ಅವನೊಬ್ಬನೇ ಅಲ್ಲ.