ಕೊಪ್ಪಳ ಸೀಮೆಯ ಜವಾರಿ ಕೋಳಿಯ ಚಳಿಗಾಲ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಹಿತ್ತಿಲುಗಳಲ್ಲಿ ತಲೆಮಾರುಗಳಿಂದ ಸಾಕುತ್ತ ಬಂದದ್ದು ಜವಾರಿ ಕೋಳಿಯನ್ನು. ಇದು ಒಂದೇ ಅಚ್ಚಿನ ತಳಿಯಲ್ಲ. ಕೆಂಪು, ಕಪ್ಪು, ಚುಕ್ಕಿ, ಬೋಳುಕತ್ತು, ಜುಟ್ಟು ಎಲ್ಲವೂ ಒಂದೇ ಹಿಂಡಿನಲ್ಲಿ ಸಿಗುತ್ತವೆ. ವರ್ಷಕ್ಕೆ ಇಡುವುದು 40ರಿಂದ 60 ಮೊಟ್ಟೆ. ಅದೂ ಮೂರು ನಾಲ್ಕು ಸರತಿಯಲ್ಲಿ. ಲೆಕ್ಕಕ್ಕೆ ಇದು ಬಡ ಇಳುವರಿಯೇ. ಆದರೆ ಈ ಕೋಳಿಗೆ ಮನೆಯವರು ಹಾಕುತ್ತಿದ್ದುದೂ ಒಂದು ಹಿಡಿ ನುಚ್ಚು ಮಾತ್ರ. ಉಳಿದದ್ದನ್ನು ಅದು ತಿಪ್ಪೆ ಕೆದರಿ ತಾನೇ ಸಂಪಾದಿಸಿಕೊಳ್ಳುತ್ತಿತ್ತು.

ಈ ಸೀಮೆಯಲ್ಲಿ ಕೋಳಿಯ ವ್ಯವಹಾರ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಹುಂಜದ ಕಾಳಗವನ್ನು ಅರಸರ ವಿನೋದಗಳಲ್ಲಿ ಸೇರಿಸಿದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಪೇಟೆಯ ಕೋಳಿಗಳನ್ನು ಕಂಡು, ನಗರದೊಳಗಿಗಿಂತ ಹೊರಗೆ ಅವು ಅಗ್ಗವೆಂದು ಬರೆದಿದ್ದಾನೆ. ಕೋಳಿ ಹಳ್ಳಿಯಿಂದ ಪೇಟೆಗೆ ಬರುತ್ತಿತ್ತೆಂದು ಊಹಿಸಲು ಇಷ್ಟು ಸಾಕು. ವಿಜಯನಗರದಿಂದ ತುಂಗಭದ್ರಾ ಹೊಳೆ ದಾಟಿದರೆ ಆನೆಗೊಂದಿ, ಇಂದಿನ ಗಂಗಾವತಿ ಸೀಮೆ.

ಶೀತದೇಶಗಳಲ್ಲಿ ಚಳಿಗಾಲವೆಂದರೆ ಕೋಳಿಗೆ ಕಷ್ಟಕಾಲ. ಹಗಲು ಎಂಟು ಗಂಟೆಗೆ ಇಳಿದಾಗ ಬೆಳಕು ಸಾಲದೆ ಮೊಟ್ಟೆ ನಿಲ್ಲುತ್ತದೆ. ಕೊಪ್ಪಳದಲ್ಲಿ ಅತಿ ಚಿಕ್ಕ ಹಗಲೂ 11 ಗಂಟೆಗೆ ಕಡಿಮೆಯಿಲ್ಲ. ಇರುಳ ಚಳಿ 15 ಡಿಗ್ರಿಯ ಆಸುಪಾಸು. ಮೇಲಾಗಿ ಸುಗ್ಗಿಯೂ ಇದೇ ಕಾಲಕ್ಕೆ. ಶೇಂಗಾ, ಭತ್ತ, ಆಮೇಲೆ ಬಿಳಿಜೋಳದ ರಾಶಿ, ಹೀಗೆ ಒಂದರ ಹಿಂದೊಂದು ಕಣದಲ್ಲಿ ಚೆಲ್ಲಿದ ಕಾಳು ಕೋಳಿಗೆ ಸಿಗುತ್ತಿತ್ತು. ಇಲ್ಲಿ ಕೋಳಿಗೆ ನಿಜವಾದ ಕಷ್ಟಕಾಲ ಬೇಸಿಗೆ: ಬಿಸಿಲಿಗೆ ಮೊಟ್ಟೆ ಕೆಡುತ್ತದೆ, ಕಾಳೂ ನೀರೂ ಸಿಗುವುದಿಲ್ಲ.

ಹಾಗಾಗಿ ಕಾವಿಗೆ ಕೂಡಿಸಲು ಚಳಿಗಾಲವೇ ಹದ. ಬುಟ್ಟಿಯ ತಳಕ್ಕೆ ಬೂದಿ, ಅದರ ಮೇಲೆ ಒಣಹುಲ್ಲು, ಹತ್ತು ಹನ್ನೆರಡು ಮೊಟ್ಟೆ. ಬೂದಿ ಹೇನು ತಡೆಯುತ್ತದೆ. ವಾರ ಕಳೆದ ಮೇಲೆ ಮೊಟ್ಟೆಯನ್ನು ಬೆಳಕಿಗೆ ಹಿಡಿದರೆ, ಜೀವ ಕಟ್ಟಿದ್ದರಲ್ಲಿ ನೆತ್ತರ ಎಳೆ ಕಾಣುತ್ತದೆ. ತಿಳಿಯಾಗಿ ಉಳಿದದ್ದು ಬರಡು. 21ನೆಯ ದಿನಕ್ಕೆ ಮರಿ. ಚಳಿ ಹೊಡೆಯುವುದು ಈ ಮರಿಗಳಿಗೆ: ಮೊದಲ ವಾರ ಅವಕ್ಕೆ 33ರಿಂದ 35 ಡಿಗ್ರಿ ಶಾಖ ಬೇಕು, ಅದು ತಾಯಿಯ ರೆಕ್ಕೆಯಡಿ ಮಾತ್ರ ಸಿಗುತ್ತದೆ. ಸಂಜೆಗೆ ತಾಯಿ, ಮರಿಗಳನ್ನು ಬುಟ್ಟಿಯಡಿ ಕವುಚಿ ಮೇಲೆ ಗೋಣಿಚೀಲ ಹೊದಿಸಿದರೆ ಥಂಡಿಯೂ ಇಲ್ಲ, ಬೆಕ್ಕಿನ ಕಾಟವೂ ಇಲ್ಲ.

ಚಳಿಗಿಂತ ದೊಡ್ಡ ಶತ್ರು ಕೊಕ್ಕರೆ ರೋಗ. ಹಿಮಾಲಯದ ರಾಣಿಖೇತ್‌ನಲ್ಲಿ 1927ರಲ್ಲಿ ಗುರುತಿಸಲಾದ ಈ ವೈರಸ್ ರೋಗ ಹೊಕ್ಕರೆ ಕೋಳಿಗಳು ಕತ್ತು ತಿರುಚಿ, ಹಸಿರು ಹಿಕ್ಕೆ ಹಾಕಿ ಸತ್ತು, ಓಣಿಗೆ ಓಣಿಯೇ ಖಾಲಿಯಾಗುತ್ತದೆ. ಲಸಿಕೆ ಬಂದದ್ದು 1940ರ ದಶಕದಲ್ಲಿ. ಆದರೆ ನಾಲ್ಕಾರು ಕೋಳಿಗಾಗಿ ನೂರು ಕೋಳಿಯ ಲಸಿಕೆ ಸೀಸೆ ಒಡೆಯುವವರು ಕಡಿಮೆ.

1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಹರಿದ ಮೇಲೆ ಗಂಗಾವತಿಯಲ್ಲಿ ಭತ್ತ ಹಬ್ಬಿ, ಕೋಳಿಗೆ ಹಾಕುವ ನುಚ್ಚು ತೌಡಿಗೆ ಬರವಿಲ್ಲದಾಯಿತು. ಕುಷ್ಟಗಿ, ಯಲಬುರ್ಗಾಗಳ ಬಹುಭಾಗ ಮಳೆಯಾಶ್ರಿತವಾಗಿಯೇ ಉಳಿಯಿತು. ಆಮೇಲೆ ಹೊಸ ತಳಿಗಳೂ ಬಂದವು: 1989ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ‘ಗಿರಿರಾಜ’ ತಳಿಯನ್ನು ಹಿತ್ತಿಲಿಗೆಂದೇ ಬಿಡುಗಡೆ ಮಾಡಿತು. 2005ರಲ್ಲಿ ‘ಸ್ವರ್ಣಧಾರ’ ಬಂತು. ಇವು ಬೇಗ ಬೆಳೆಯುತ್ತವೆ, ಮೂರು ಪಟ್ಟು ಮೊಟ್ಟೆ ಇಡುತ್ತವೆ. ಆದರೆ ಕಾವಿಗೆ ಕೂರುವುದು ಅಪರೂಪ. ಮರಿ ಕೊಳ್ಳಲಾಗದವರು ಗಿರಿರಾಜದ ಮೊಟ್ಟೆಗಳನ್ನು ಜವಾರಿ ಹೇಟೆಯ ಕೆಳಗೇ ಇಡಬೇಕು. ಮೊಟ್ಟೆ ದಪ್ಪವಾದ್ದರಿಂದ ಒಂದು ಸಲಕ್ಕೆ ಹಿಡಿಸುವುದು ಕಡಿಮೆ.