ಗುಜರಿಗೆ ಹೋದ ದನಿಗಳು

ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ನನ್ನ ಮಾಮೂ ಅವರಿಗೆ ಇಂಗ್ಲಿಷ್ ಸರಿಯಾಗಿ ಓದಲು ಬರುತ್ತಿರಲಿಲ್ಲ. ಉರ್ದು ಶಾಲೆಯಲ್ಲಿ ಏಳನೇ ತರಗತಿಯವರೆಗೆ ಕಲಿತವರು. ಆದರೆ ಅವರ ಮನೆಯ ತಗಡಿನ ಟ್ರಂಕಿನಲ್ಲಿ ಹಬೀಬ್ ಪೇಂಟರ್‌ನ ಕವ್ವಾಲಿ ಮತ್ತು ಕಾಳಿಂಗರಾಯರ ಭಾವಗೀತೆಗಳ ಪಕ್ಕದಲ್ಲೇ ರೇ ಚಾರ್ಲ್ಸ್, ಅರೀಥಾ ಫ್ರಾಂಕ್ಲಿನ್, ಬೀಟಲ್ಸ್, ರೋಲಿಂಗ್ ಸ್ಟೋನ್ಸ್ ಇದ್ದರು. ಶಿವಾಜಿನಗರದ ಗುಜರಿಯಲ್ಲಿ ಅವರು ಒಂದೊಂದನ್ನಾಗಿ ಕೊಂಡ ರೆಕಾರ್ಡುಗಳವು. ದಂಡುಪ್ರದೇಶದ ಆಂಗ್ಲೋ ಇಂಡಿಯನ್ ಕುಟುಂಬಗಳು ಆಸ್ಟ್ರೇಲಿಯಾಕ್ಕೆ ಹೊರಟಾಗ ಕುರ್ಚಿ, ಮಂಚ, ಅಡಿಗೆ ಪಾತ್ರೆಗಳೊಂದಿಗೆ ರೆಕಾರ್ಡುಗಳನ್ನೂ ಮಾರಿ ಹೋಗುತ್ತಿದ್ದವಂತೆ. ಮಾಮೂ ಪ್ರತಿ ಹೊದಿಕೆಯ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಉರ್ದುವಿನಲ್ಲಿ ತಾರೀಖು ಮತ್ತು ಕೊಟ್ಟ ಬೆಲೆಯನ್ನು ಬರೆದಿಡುತ್ತಿದ್ದರು. ಭಾನುವಾರ ಅಸರ್ ನಮಾಝಿನ ನಂತರ ಎಚ್‌ಎಂವಿ ಫಿಯೆಸ್ಟಾ ಪೆಟ್ಟಿಗೆಯ ಮುಚ್ಚಳ ತೆರೆದು, ಒಂದೇ ಒಂದು ರೆಕಾರ್ಡು ಹಾಕಿ, ಮುಗಿದ ಮೇಲೆ ಮಲ್ಮಲ್ ಬಟ್ಟೆಯಿಂದ ಒರೆಸಿ ಒಳಗಿಡುವುದು ಅವರ ಪದ್ಧತಿ.

1994ರಲ್ಲಿ ಮಾಮೂ ಬಾಡಿಗೆ ಮನೆ ಬಿಟ್ಟು ಕೆಂಗೇರಿ ಉಪನಗರದ ಸ್ವಂತ ಮನೆಗೆ ಹೋದರು. ಹೊಸ ಮನೆ ಚಿಕ್ಕದು. ಪೆಟ್ಟಿಗೆಗೆ ಮುಳ್ಳು ಸಿಗುತ್ತಿರಲಿಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ ಈ ಭಾರವನ್ನು ಯಾಕೆ ಹೊರಬೇಕು ಎಂದು ಮಾಮಿಗೆ ಅನಿಸಿತ್ತು. ಹೊಸ ಮನೆಯಲ್ಲಿ ಇಂಥವು ಬೇಡವೆಂದು ಬಂಧುವೊಬ್ಬರೂ ಹೇಳಿದರು. ಮಾಮೂ ಏನೂ ಹೇಳಲಿಲ್ಲ. ಟ್ರಂಕಿನ ಒಂದು ಹಿಡಿಯನ್ನು ಅವರು ಹಿಡಿದರು, ಇನ್ನೊಂದನ್ನು ಹದಿಮೂರು ವರ್ಷದ ನಾನು ಹಿಡಿದೆ. ಗುಜರಿ ಅಂಗಡಿಯವನು ತಕ್ಕಡಿಯ ಮುಂದೆ ನಿಂತು ಸ್ವಲ್ಪ ಯೋಚಿಸಿದ. ಹಳೇ ಪೇಪರಿಗೆ ದರವಿತ್ತು, ಕಬ್ಬಿಣಕ್ಕೆ ದರವಿತ್ತು, ಇದಕ್ಕೆ ಯಾವ ದರವೂ ಇರಲಿಲ್ಲ. ಕೊನೆಗೆ ಅವನು ಟ್ರಂಕಿಗೆ ಮಾತ್ರ ದುಡ್ಡು ಕೊಟ್ಟ.

ಆ ದಿನ ನಾವು ಬಿಟ್ಟುಬಂದದ್ದು ಏನನ್ನು ಎಂದು ತಿಳಿಯಲು ನನಗೆ ಮುಂದೆ ಬಹಳ ವರ್ಷ ಬೇಕಾಯಿತು.

ಅರಗಿನ ತಟ್ಟೆಯ ಪಯಣ

ಎಮಿಲ್ ಬರ್ಲಿನರ್ ಗ್ರಾಮಾಫೋನಿಗೆ ಪೇಟೆಂಟ್ ಪಡೆದದ್ದು 1887ರಲ್ಲಿ. ಅದರ ತಟ್ಟೆಗೆ ಕೆಲವೇ ವರ್ಷಗಳಲ್ಲಿ ಒದಗಿಬಂದ ವಸ್ತು ನಮ್ಮ ದೇಶದ ಅರಗು. ಛೋಟಾನಾಗಪುರದ ಕಾಡುಗಳಲ್ಲಿ ಪಲಾಶ, ಕುಸುಮ ಮರಗಳ ಮೇಲೆ ಒಂದು ಸಣ್ಣ ಕೀಟ ಕಟ್ಟುವ ಅಂಟನ್ನು ಆದಿವಾಸಿಗಳು ಬಿಡಿಸಿ ತರುತ್ತಿದ್ದರು. ಅದು ಕಲ್ಕತ್ತೆಯ ಬಂದರಿನಿಂದ ಯುರೋಪಿಗೆ ಹೋಗಿ, ಕಲ್ಲಿನ ಪುಡಿಯೊಂದಿಗೆ ಬೆರೆತು, ಕಪ್ಪು ತಟ್ಟೆಯಾಗಿ, ಹಾಡು ಹೊತ್ತು ಮರಳಿ ಬರುತ್ತಿತ್ತು. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷ, ಹೆಚ್ಚೆಂದರೆ ಮೂರೂವರೆ ನಿಮಿಷದ ಹಾಡು. ಇಂದಿಗೂ ಸಿನಿಮಾ ಹಾಡು, ಪಾಪ್ ಹಾಡು ಸುಮಾರಾಗಿ ಅಷ್ಟೇ ಉದ್ದವಿರುವುದರ ಹಿಂದೆ ಆ ತಟ್ಟೆಯ ಅಳತೆಯಿದೆ.

1902ರ ನವೆಂಬರಿನಲ್ಲಿ ಲಂಡನ್ನಿನ ಗ್ರಾಮಾಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡು ಮುದ್ರಿಸಿದ. ಆಗ ಮೈಕ್ ಇರಲಿಲ್ಲ. ದೊಡ್ಡ ತುತ್ತೂರಿಯಂಥ ಕೊಳವೆಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ಮುದ್ರಿಸಿದ ಮೇಣದ ಅಚ್ಚುಗಳು ಜರ್ಮನಿಯ ಹ್ಯಾನೋವರ್‌ಗೆ ಹೋಗಿ ತಟ್ಟೆಗಳಾಗುತ್ತಿದ್ದವು. ಅಲ್ಲಿಯ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿಯಲಿ ಎಂದು ಹಾಡಿನ ಕೊನೆಯಲ್ಲಿ ಗಾಯಕರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಗೌಹರ್ ಜಾನ್ ತಮ್ಮ ಹೆಸರು ಕೂಗಿ ಹೇಳುವುದು ಇಂದಿಗೂ ಆ ತಟ್ಟೆಗಳಲ್ಲಿ ಕೇಳಿಸುತ್ತದೆ.

ಮೈಸೂರಿನ ಎರಡು ಕೋಣೆ

ಗೌಹರ್ ಜಾನ್ 1873ರಲ್ಲಿ ಆಜಂಗಢದಲ್ಲಿ ಆರ್ಮೇನಿಯನ್ ಮೂಲದ ಕುಟುಂಬದಲ್ಲಿ ಆಂಜಲೀನಾ ಎಂಬ ಹೆಸರಿನಲ್ಲಿ ಹುಟ್ಟಿದವರು. ತಾಯಿಯೊಂದಿಗೆ ಇಸ್ಲಾಂ ಸ್ವೀಕರಿಸಿ ಗೌಹರ್ ಆದರು. ಕಲ್ಕತ್ತೆಯ ವೈಭವವೆಲ್ಲ ಮುಗಿದ ಮೇಲೆ 1928ರಲ್ಲಿ ಅವರಿಗೆ ಆಶ್ರಯ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಆಸ್ಥಾನ ವಿದುಷಿಯಾಗಿ ಮೈಸೂರಿಗೆ ಬಂದ ಅವರು 1930ರ ಜನವರಿ 17ರಂದು ಅಲ್ಲಿಯೇ ತೀರಿಕೊಂಡರು. ಭಾರತದ ಗ್ರಾಮಾಫೋನಿನ ಮೊದಲ ದೊಡ್ಡ ತಾರೆ ಕೊನೆಯುಸಿರೆಳೆದದ್ದು ಕನ್ನಡದ ನೆಲದಲ್ಲಿ ಎಂಬುದನ್ನು ನಾವು ಎಷ್ಟು ಮಂದಿ ನೆನೆಯುತ್ತೇವೆ?

ಅದೇ ಮೈಸೂರಿನಲ್ಲಿ ಮುಂದೆ ರೆಕಾರ್ಡುಗಳ ಮೋಹಕ್ಕೆ ಬಿದ್ದವರು ಜಯಚಾಮರಾಜ ಒಡೆಯರು. ಅವರು ರಾಜರಷ್ಟೇ ಅಲ್ಲ, ಅಪ್ಪಟ ಸಂಗ್ರಹಕಾರರು. ಪಾಶ್ಚಾತ್ಯ ಸಂಗೀತದ ಸಾವಿರಾರು ತಟ್ಟೆಗಳು ಅವರ ಅರಮನೆಯಲ್ಲಿದ್ದವು. ಲಂಡನ್ನಿನಲ್ಲಿ ಬಡತನದಲ್ಲಿ ದಿನ ದೂಡುತ್ತಿದ್ದ ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು ರೆಕಾರ್ಡಿನಲ್ಲಿ ಸಿಗುವುದಿಲ್ಲವಲ್ಲ ಎಂದು ಕೊರಗಿ, ತಾವೇ ಹಣ ಕೊಟ್ಟು ಎಚ್‌ಎಂವಿಯಿಂದ ಮುದ್ರಿಸಿದರು. ಕಾಯಿಲೆಯಲ್ಲಿದ್ದ ಮೆಟ್ನರ್ ತಮ್ಮ ಕೊನೆಯ ವರ್ಷಗಳಲ್ಲಿ ತಾವೇ ಪಿಯಾನೋ ನುಡಿಸಿದ ಆ ತಟ್ಟೆಗಳು ಉಳಿದದ್ದು ಮೈಸೂರಿನ ದುಡ್ಡಿನಿಂದ. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಾನ್ಸರ್ಟೋವನ್ನು ಮಹಾರಾಜರಿಗೆ ಅರ್ಪಿಸಿದರು. 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ಹಾಡುಗಳು ಮೊದಲ ಬಾರಿಗೆ ಕೇಳಿಬಂದದ್ದೂ ಈ ಮಹಾರಾಜರ ನೆರವಿನಿಂದಲೇ.

ರಾಜರಿಗೆ ಹಣವಿತ್ತು, ಸಂಗ್ರಹಿಸಿದರು ಎನ್ನಬಹುದು. ಆದರೆ ಗದುಗಿನ ಬಾಲಕ ಭೀಮಸೇನ ಜೋಶಿಗೆ ಏನಿತ್ತು? ಅಬ್ದುಲ್ ಕರೀಮ್ ಖಾನ್ ಸಾಹೇಬರ ರೆಕಾರ್ಡೊಂದನ್ನು ಅಂಗಡಿಯ ಮುಂದೆ ನಿಂತು ಕೇಳಿ, ಹಾಗೆ ಹಾಡಲು ಕಲಿಯಬೇಕೆಂದು ಹುಡುಗ 1933ರಲ್ಲಿ ಮನೆ ಬಿಟ್ಟ. ಉತ್ತರದ ಊರೂರು ಅಲೆದ ಅವನು ಕೊನೆಗೆ ಗುರುವನ್ನು ಕಂಡದ್ದು ತನ್ನ ನಾಡಿನ ಕುಂದಗೋಳದಲ್ಲಿ. ಆ ಗುರು ಸವಾಯಿ ಗಂಧರ್ವರು, ಅಬ್ದುಲ್ ಕರೀಮ್ ಖಾನರ ಶಿಷ್ಯರೇ. ಅಂಗಡಿಯವನು ಗಿರಾಕಿಗಳಿಗೆಂದು ಹಾಕಿದ ಮೂರು ನಿಮಿಷದ ತಟ್ಟೆ ಒಬ್ಬ ಭಾರತರತ್ನನನ್ನು ರೂಪಿಸಿತು.

ಸೋಲ್ ಎಂದರೆ ರೂಹ್

ಎರಡನೇ ಮಹಾಯುದ್ಧ ಅರಗಿನ ದಾರಿಯನ್ನು ಕಡಿಯಿತು. 1942ರಲ್ಲಿ ಅಮೆರಿಕ ಸರಕಾರ ರೆಕಾರ್ಡುಗಳಿಗೆ ಬಳಸುವ ಅರಗನ್ನು ಶೇ. 70ರಷ್ಟು ಕಡಿತಗೊಳಿಸಿತು. ಸೈನಿಕರಿಗೆ ಕಳಿಸುವ ತಟ್ಟೆಗಳಿಗೆ ಒಡೆಯದ ವಿನೈಲ್ ಬಳಕೆಗೆ ಬಂತು. 1948ರಲ್ಲಿ ಕೊಲಂಬಿಯಾ ಕಂಪೆನಿ ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತಿನ ಎಲ್‌ಪಿಯನ್ನೂ, ಮರುವರ್ಷ ಆರ್‌ಸಿಎ 45 ಸುತ್ತಿನ ಚಿಕ್ಕ ತಟ್ಟೆಯನ್ನೂ ತಂದವು. ಮಾಮೂ ಅವರ ಟ್ರಂಕಿನಲ್ಲಿದ್ದ ರಾಕ್ ಮತ್ತು ಸೋಲ್ ಸಂಗೀತ ಬೆಳೆದದ್ದು ಈ ವಿನೈಲಿನ ಮೇಲೆ.

ಈ ಕಥೆಯಲ್ಲಿ ಒಬ್ಬ ತುರ್ಕಿ ಮುಸ್ಲಿಮರ ಪಾತ್ರ ದೊಡ್ಡದು. ಅಹ್ಮದ್ ಎರ್ಟೆಗನ್ 1923ರಲ್ಲಿ ಇಸ್ತಾಂಬುಲ್‌ನಲ್ಲಿ ಹುಟ್ಟಿದವರು. ತಂದೆ ವಾಷಿಂಗ್ಟನ್ನಿನಲ್ಲಿ ತುರ್ಕಿಯ ರಾಯಭಾರಿ. ಅಹ್ಮದ್ ಮತ್ತು ಅಣ್ಣ ನಸೂಹಿ ಕರಿಯರ ಬಡಾವಣೆಗಳ ಅಂಗಡಿಗಳಲ್ಲಿ ಹಳೆಯ ತಟ್ಟೆಗಳನ್ನು ಸಾವಿರಗಟ್ಟಲೆ ಹುಡುಕಿ ತಂದರು. ಕರಿಯರೂ ಬಿಳಿಯರೂ ಒಂದೆಡೆ ಕೂರಲಾಗದಿದ್ದ ಆ ಊರಿನಲ್ಲಿ ರಾಯಭಾರಿಯ ಮನೆಗೆ ಕರಿಯ ಸಂಗೀತಗಾರರು ಅತಿಥಿಗಳಾಗಿ ಬರುತ್ತಿದ್ದರು. ಅವರು ಮುಂಬಾಗಿಲಿನಿಂದ ಬರುತ್ತಾರೆಂದು ದಕ್ಷಿಣದ ಸೆನೆಟರೊಬ್ಬ ಆಕ್ಷೇಪಿಸಿದಾಗ, ನಮ್ಮಲ್ಲಿ ಗೆಳೆಯರು ಬರುವುದು ಮುಂಬಾಗಿಲಿನಿಂದಲೇ, ತಮಗೆ ಬೇಕಿದ್ದರೆ ಹಿಂಬಾಗಿಲಿನ ವ್ಯವಸ್ಥೆ ಮಾಡೋಣ ಎಂದು ರಾಯಭಾರಿ ಉತ್ತರಿಸಿದರೆಂಬ ಪ್ರಸಂಗ ಪ್ರಸಿದ್ಧವಾಗಿದೆ.

ತಂದೆಯ ಮರಣದ ನಂತರ, 1947ರಲ್ಲಿ, ಅಹ್ಮದ್ ಗೆಳೆಯ ಹರ್ಬ್ ಅಬ್ರಾಮ್ಸನ್ ಜೊತೆ ಅಟ್ಲಾಂಟಿಕ್ ರೆಕಾರ್ಡ್ಸ್ ತೆರೆದರು. ಬಂಡವಾಳ ಕೊಟ್ಟವರು ಮನೆಯ ದಂತವೈದ್ಯರು, ಅವರೂ ತುರ್ಕಿಯವರೇ. ರೇ ಚಾರ್ಲ್ಸ್, ಅರೀಥಾ ಫ್ರಾಂಕ್ಲಿನ್ ಅವರ ಬಹುಮುಖ್ಯ ತಟ್ಟೆಗಳು ಬಂದದ್ದು ಇಲ್ಲಿಂದ. ರಾಕ್ ತಂಡ ಲೆಡ್ ಝೆಪ್ಪೆಲಿನ್ ಕೂಡ ಇದೇ ಕಂಪೆನಿಯದು. 2006ರಲ್ಲಿ ತೀರಿಕೊಂಡ ಅಹ್ಮದ್ ಅವರನ್ನು ದಫನ್ ಮಾಡಿದ್ದು ಇಸ್ತಾಂಬುಲ್‌ನ ಉಸ್ಕುದಾರ್‌ನಲ್ಲಿ, ಅವರ ಪೂರ್ವಜರು ಶೇಖ್ ಆಗಿದ್ದ ಸೂಫಿ ತಕಿಯಾದ ಅಂಗಳದಲ್ಲಿ.

ಸೋಲ್ ಎಂದರೆ ಆತ್ಮ, ನಮ್ಮ ಮಾತಿನಲ್ಲಿ ರೂಹ್. ಕರಿಯರ ಚರ್ಚಿನ ಪ್ರಾರ್ಥನಾ ಗೀತೆಯ ಧಾಟಿಯನ್ನು ರೇ ಚಾರ್ಲ್ಸ್ 1950ರ ದಶಕದಲ್ಲಿ ಪ್ರೇಮಗೀತೆಗೆ ತಂದಾಗ, ದೇವರ ರಾಗವನ್ನು ಬೀದಿಗೆ ಎಳೆದ ಎಂದು ಚರ್ಚಿನ ಹಿರಿಯರು ಕೋಪಗೊಂಡರು. ದರ್ಗಾದ ಕವ್ವಾಲಿ ಸಿನಿಮಾಕ್ಕೆ ಹೋದಾಗ ನಮ್ಮಲ್ಲೂ ಇದೇ ಮಾತು ಬಂದಿತ್ತು. ಮಾಮೂ ಅವರಿಗೆ ಅರೀಥಾಳ ಹಾಡಿನ ಅರ್ಥ ತಿಳಿಯುತ್ತಿರಲಿಲ್ಲ. ಆದರೂ ಹಬೀಬ್ ಪೇಂಟರ್ ಕೇಳುವ ಕಿವಿಯಲ್ಲೇ ಅವಳನ್ನೂ ಕೇಳುತ್ತಿದ್ದರು. “ಇವಳೂ ದುಆನೇ ಕೇಳ್ತಾ ಇದ್ದಾಳೆ” ಅನ್ನುತ್ತಿದ್ದರು. ಅರೀಥಾ ಪಾದ್ರಿಯ ಮಗಳು, ಚರ್ಚಿನಲ್ಲಿ ಹಾಡಿ ಬೆಳೆದವಳು ಎಂದು ನಾನು ಓದಿ ತಿಳಿದದ್ದು ಅವರು ತೀರಿಕೊಂಡ ಮೇಲೆ.

ಇನ್ನೊಂದು ಸಂಗತಿ. ಜಗತ್ತೆಲ್ಲ ವಿನೈಲಿಗೆ ಹೋದರೂ ಕಲ್ಕತ್ತೆಯ ಡಮ್‌ಡಮ್ ಕಾರ್ಖಾನೆ 1960ರ ದಶಕದಲ್ಲೂ ಬೀಟಲ್ಸ್ ಹಾಡುಗಳನ್ನು 78ರ ಹಳೆಯ ತಟ್ಟೆಗಳಲ್ಲಿ ಅಚ್ಚು ಹಾಕುತ್ತಿತ್ತು. ಕಾರಣ ಸರಳ. ಕರೆಂಟು ಇಲ್ಲದ ಊರುಗಳಲ್ಲಿ ಕೀಲಿ ಕೊಟ್ಟು ನುಡಿಸುವ ಗ್ರಾಮಾಫೋನುಗಳು ಇನ್ನೂ ಬಳಕೆಯಲ್ಲಿದ್ದವು. ನಮ್ಮ ಬಡತನದ ಗುರುತಾಗಿದ್ದ ಆ ತಟ್ಟೆಗಳಿಗಾಗಿ ಇಂದು ಯುರೋಪ್, ಅಮೆರಿಕದ ಸಂಗ್ರಹಕಾರರು ದೊಡ್ಡ ಮೊತ್ತ ಕೊಡುತ್ತಾರೆ. ಮಾಮೂ ಅವರ ಟ್ರಂಕಿನ ತಳದಲ್ಲಿ ಅಂಥ ಎರಡು ಮೂರು ಭಾರದ ತಟ್ಟೆಗಳಿದ್ದ ನೆನಪು ನನಗಿದೆ.

ಫತ್ವಾ ಮತ್ತು ತಟ್ಟೆ

ಸಂಗೀತ ಕೇಳುವುದು ಸರಿಯೇ ಎಂಬ ಪ್ರಶ್ನೆ ಗ್ರಾಮಾಫೋನಿಗಿಂತ ಬಹಳ ಹಳೆಯದು. ಇಮಾಮ್ ಗಝ್ಝಾಲಿಯವರು ‘ಇಹ್ಯಾ’ದಲ್ಲಿ ಇದಕ್ಕಾಗಿಯೇ ಒಂದು ಅಧ್ಯಾಯ ಬರೆದು, ಯಾರು, ಏನನ್ನು, ಯಾವ ಮನಸ್ಸಿನಿಂದ ಕೇಳುತ್ತಾರೆ ಎಂಬುದರ ಮೇಲೆ ತೀರ್ಮಾನ ನಿಂತಿದೆ ಎಂದರು. ಬೇರೆ ವಿದ್ವಾಂಸರು ಒಪ್ಪಲಿಲ್ಲ. ನಮ್ಮ ಕಲಬುರಗಿಯ ಬಂದೇ ನವಾಝರು ಸಮಾ ಸಭೆಗಳನ್ನು ಪ್ರೀತಿಸಿದವರು. ಈ ಚರ್ಚೆಯಲ್ಲಿ ತೀರ್ಪು ಕೊಡುವ ಯೋಗ್ಯತೆ ನನ್ನದಲ್ಲ.

ಆದರೆ ತಟ್ಟೆಯ ವಿಷಯದಲ್ಲಿ ಉಲಮಾಗಳು ಬಹಳ ಬೇಗ ಯೋಚಿಸಲು ತೊಡಗಿದ್ದರು. ಇಂದಿನ ಜಕಾರ್ತಾದಲ್ಲಿ, ಅಂದಿನ ಬಟಾವಿಯಾದಲ್ಲಿ, ಸಯ್ಯಿದ್ ಉಸ್ಮಾನ್ 1899ರಲ್ಲೇ ಫೋನೋಗ್ರಾಫಿನ ಬಗ್ಗೆ ಫತ್ವಾ ಬರೆದರು. ಯಂತ್ರದಿಂದ ಬರುವ ಕುರ್‌ಆನಿನ ದನಿ ಪಾರಾಯಣವೇ, ಬರಿಯ ಪ್ರತಿಧ್ವನಿಯೇ ಎಂಬುದು ಆ ಕಾಲದ ಚರ್ಚೆ. ಮುಂದೆ 1961ರಲ್ಲಿ ಈಜಿಪ್ಟಿನ ಶೇಖ್ ಮಹಮೂದ್ ಖಲೀಲ್ ಅಲ್ ಹುಸರಿಯವರ ದನಿಯಲ್ಲಿ ಪೂರ್ಣ ಕುರ್‌ಆನ್ ಎಲ್‌ಪಿ ತಟ್ಟೆಗಳಲ್ಲಿ ಹೊರಬಂತು. ತಪ್ಪಿಲ್ಲದ ಪಾಠವೊಂದು ಜಗತ್ತಿನ ಮೂಲೆ ಮೂಲೆಗೆ ತಲುಪಲಿ ಎಂಬುದು ಅದರ ಉದ್ದೇಶ. ಪ್ರಶ್ನೆ ಎಬ್ಬಿಸಿದ ವಸ್ತುವೇ ಕಾಪಾಡುವ ವಸ್ತುವೂ ಆಯಿತು. ಕೇಳಬೇಕೋ ಬಾರದೋ ಎಂಬುದು ಒಂದು ಮಾತು. ಒಂದು ಕಾಲದ ದನಿಯನ್ನು ಗುಜರಿಗೆ ಹಾಕಬೇಕೋ ಬಾರದೋ ಎಂಬುದು ಬೇರೆಯೇ ಮಾತು. 1994ರಲ್ಲಿ ನಮ್ಮ ಮನೆಯಲ್ಲಿ ಇವೆರಡನ್ನೂ ಒಂದೇ ಎಂದುಕೊಂಡೆವು.

ಉಳಿಸಿದವರು ಯಾರು?

ಕ್ಯಾಸೆಟ್ಟು ಹೋಯಿತು, ಸಿಡಿಯೂ ಹೋಯಿತು. ವಿನೈಲ್ ಮರಳಿ ಬಂತು. ಅಮೆರಿಕದಲ್ಲಿ 2022ರಲ್ಲಿ ಮಾರಾಟವಾದ ವಿನೈಲ್ ತಟ್ಟೆಗಳ ಸಂಖ್ಯೆ 1987ರ ನಂತರ ಮೊದಲ ಬಾರಿಗೆ ಸಿಡಿಗಳನ್ನು ಮೀರಿತು. ನಮ್ಮಲ್ಲೂ ಬಸವೇಶ್ವರನಗರ, ವಿಜಯನಗರದ ಮನೆಗಳಲ್ಲಿ ಎಂಜಿನಿಯರ್ ಹುಡುಗರು ಟರ್ನ್‌ಟೇಬಲ್ ಕೊಂಡು ಹಳೆಯ ರಾಕ್ ರೆಕಾರ್ಡು ಹುಡುಕುತ್ತಾರೆ. 1970, 71ರ ಸಿಮ್ಲಾ ಬೀಟ್ ಸ್ಪರ್ಧೆಗಳ ಭಾರತೀಯ ರಾಕ್ ತಂಡಗಳ ತಟ್ಟೆಗಳಿಗೆ ಬೇಡಿಕೆ ಇದೆ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರು ಅಮೆರಿಕದ ಚಾರ್ಲಿ ಮರಿಯಾನೊ ಜೊತೆ ಮಾಡಿ 1983ರಲ್ಲಿ ಜರ್ಮನಿಯ ಇಸಿಎಂ ಹೊರತಂದ ‘ಜ್ಯೋತಿ’ಯನ್ನು ಹುಡುಕುವವರೂ ಇದ್ದಾರೆ.

ಹುಡುಕುವವರಿಗೆ ಇವು ಸಿಗುವುದಾದರೂ ಎಲ್ಲಿಂದ? ಶಿವಾಜಿನಗರದ ಗುಜರಿಯಿಂದ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಿಂದ. ನಾವು ಬೇಡವೆಂದು ಎಸೆದದ್ದನ್ನು ಗೋಣಿಚೀಲದಲ್ಲಿ ತುಂಬಿ, ಮಳೆ ಬಂದರೆ ಟಾರ್ಪಾಲು ಹೊದಿಸಿ ಇಟ್ಟುಕೊಂಡವರು ಅಕ್ಷರ ಬಾರದ, ಹೆಸರು ಯಾರಿಗೂ ಗೊತ್ತಿಲ್ಲದ ಗುಜರಿ ವ್ಯಾಪಾರಿಗಳು. ಅವರಲ್ಲಿ ಬಹುಮಂದಿ ನಮ್ಮವರು. ಅವರಿಗೂ ಅದು ಹೊಟ್ಟೆಪಾಡು, ನಿಜ. ಆದರೆ ಈ ನಗರದ ದನಿಗಳ ಚರಿತ್ರೆ ಬರೆಯುವಾಗ ಅರಮನೆಯ ಸಂಗ್ರಹದ ಪಕ್ಕದಲ್ಲಿ ಈ ಗೋಣಿಚೀಲಕ್ಕೂ ಒಂದು ಸಾಲು ಬೇಕು.

ಇಂಗ್ಲಿಷ್ ರಾಕ್ ರೆಕಾರ್ಡಿಗೆ ಇಂದು ಸಾವಿರಗಟ್ಟಲೆ ಕೊಡುವವರಿದ್ದಾರೆ, ಆದ್ದರಿಂದ ಅದು ಉಳಿಯುತ್ತದೆ. ಅದೇ ರಾಶಿಯಲ್ಲಿರುವ ಕನ್ನಡ ನಾಟಕದ ಹಾಡು, ಮರೆತುಹೋದ ಕವ್ವಾಲರ ತಟ್ಟೆಗಳನ್ನು ಕೇಳುವವರಿಲ್ಲ. ನಮ್ಮ ಅಜ್ಜಂದಿರು ಕೇಳಿದ ದನಿಗಳು ಈಗಲೂ ಬೀದಿಯಲ್ಲೇ ಇವೆ.

ಓದುಗರಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ತಟ್ಟೆಗಳಿದ್ದರೆ ಒಂದು ಮನವಿ. ಅವನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನಿಲ್ಲಿಸಿಡಿ. ಬಿಸಿಲಿಗೆ ಹಾಕಬೇಡಿ. ಅರಗಿನ ತಟ್ಟೆಯನ್ನು ಸ್ಪಿರಿಟ್‌ನಿಂದ ಒರೆಸಬೇಡಿ, ಅರಗು ಕರಗಿಹೋಗುತ್ತದೆ. ಎಲ್‌ಪಿಯ ಮುಳ್ಳನ್ನು 78ರ ಮೇಲೆ ಇಡಬೇಡಿ, ಅದರ ಗೀರು ಅಗಲ, ಬೇರೆ ಮುಳ್ಳು ಬೇಕು. ಮತ್ತು ಅದನ್ನು ಕೊಂಡವರು ಯಾರು, ಯಾವಾಗ ಕೇಳುತ್ತಿದ್ದರು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ತಟ್ಟೆಯ ಮೇಲೆ ಹಾಡಿದವರ ಹೆಸರಿರುತ್ತದೆ, ಕೇಳಿದವರ ಹೆಸರು ಇರುವುದಿಲ್ಲ.

ನನ್ನ ಮಾಮೂ ತೀರಿಕೊಂಡು ಹದಿನಾರು ವರ್ಷಗಳಾದವು. ಅಲ್ಲಾಹನು ಅವರ ಕಬರನ್ನು ಬೆಳಗಿಸಲಿ. ಗುಜರಿ ಅಂಗಡಿಯಿಂದ ಮನೆಗೆ ನಡೆದು ಬರುವಾಗ ಅವರು ನನ್ನೊಂದಿಗೆ ಒಂದು ಮಾತನ್ನೂ ಆಡಿರಲಿಲ್ಲ. ಟ್ರಂಕಿನ ದುಡ್ಡಿನಲ್ಲಿ ನನಗೊಂದು ಕಬ್ಬಿನ ಹಾಲು ಕೊಡಿಸಿದ್ದರು, ತಾವು ಕುಡಿದಿರಲಿಲ್ಲ. ಈಗ ನಾನು ಭಾನುವಾರ ಬಿಡುವಾದಾಗ ಸಂಡೇ ಬಜಾರಿಗೆ ಹೋಗುತ್ತೇನೆ. ರೆಕಾರ್ಡಿನ ಹೆಸರನ್ನು ಮೊದಲು ನೋಡುವುದಿಲ್ಲ. ಹೊದಿಕೆಯನ್ನು ತಿರುಗಿಸಿ, ಪೆನ್ಸಿಲ್‌ನ ಉರ್ದು ಅಕ್ಷರ ಇದೆಯೇ ಎಂದು ನೋಡುತ್ತೇನೆ. ಇದುವರೆಗೆ ಸಿಕ್ಕಿಲ್ಲ.